ನಾಯಿಗಳ ಸಾಮೂಹಿಕ ನಡಿಗೆ ಸೇವೆ: ಅಗತ್ಯ, ಹೊಣೆ ಮತ್ತು ನಿಯಮಗಳು

ಮಾನವನೊಡನೆ ಮೊಟ್ಟಮೊದಲು ಬಾಳತೊಡಗಿದ ಪ್ರಾಣಿ ನಾಯಿ. ಈ ಒಡನಾಟಕ್ಕೆ ಕನಿಷ್ಠ 15,000 ವರ್ಷಗಳ ಇತಿಹಾಸವಿದೆ. ಕನ್ನಡ ನಾಡಿನಲ್ಲಿ ಇದಕ್ಕೆ ಕಲ್ಲಿನಲ್ಲಿ ಕೆತ್ತಿದ ಸಾಕ್ಷಿಯೇ ದೊರೆಯುತ್ತದೆ. ಮಂಡ್ಯ ಜಿಲ್ಲೆಯ ಆತಕೂರಿನ ಹತ್ತನೆಯ ಶತಮಾನದ ಶಾಸನವು ಕಾಳಿ ಎಂಬ ಬೇಟೆನಾಯಿಯ ನೆನಪಿಗಾಗಿ ನಿಲ್ಲಿಸಿದ್ದು. ಗಂಗ ಅರಸ ಇಮ್ಮಡಿ ಬೂತುಗನಿಂದ ಮೆಚ್ಚುಗೆಯ ಕೊಡುಗೆ ಪಡೆಯುವ ಸಂದರ್ಭ ಬಂದಾಗ, ವೀರನಾದ ಮಣಲೇರನು ಈ ನಾಯಿಯನ್ನೇ ಕೇಳಿ ಪಡೆದನು. ಕಾಳಿಯು ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ತಾನೂ ಮಡಿಯಿತು. ಆ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಕಾಳಿಯಂತಹ ನಾಯಿಗಳಿಗೆ ಬಯಲು, ಗುಡ್ಡ, ಹೊಲಗಳು ಓಡಾಟದ ನೆಲೆಗಳಾಗಿದ್ದವು. ಇಂದಿನ ನಗರದ ಸಾಕುನಾಯಿಗೆ ದೊರೆಯುವುದು ಎರಡು ಕೋಣೆಗಳ ಮನೆ ಮತ್ತು ಒಂದು ಕಿರಿದಾದ ಮೊಗಸಾಲೆ. ಪತಿ ಪತ್ನಿಯರಿಬ್ಬರೂ ಉದ್ಯೋಗಸ್ಥರಾಗಿರುವ, ಮಕ್ಕಳು ಶಾಲೆಗೆ ಹೋಗುವ, ವೃದ್ಧರಿಗೆ ನಾಯಿಯನ್ನು ಹಿಡಿದು ನಡೆಯುವ ಶಕ್ತಿಯಿಲ್ಲದ ಮನೆಗಳಲ್ಲಿ ನಾಯಿಯು ದಿನದ ಬಹುಭಾಗವನ್ನು ಬಂಧನದಲ್ಲಿಯೇ ಕಳೆಯುತ್ತದೆ. ಇಂತಹ ಮನೆಗಳಿಗೆ ನೆರವಾಗಲೆಂದು ಹಲವು ನಗರಗಳಲ್ಲಿ ನಾಯಿಗಳನ್ನು ಗುಂಪಾಗಿ ನಡೆದಾಡಿಸುವ ಸೇವೆಯು ಒಂದು ಸ್ವಯಂ ಉದ್ಯೋಗವಾಗಿ ಬೆಳೆಯುತ್ತಿದೆ. ನೋಟಕ್ಕೆ ಇದು ಸುಲಭವಾದ ಕೆಲಸ. ಆದರೆ ಇದರಲ್ಲಿ ಪ್ರಾಣಿಯ ಆರೋಗ್ಯ, ದಾರಿಹೋಕರ ಸುರಕ್ಷತೆ ಮತ್ತು ಕಾನೂನಿನ ಹೊಣೆ ಮೂರೂ ಅಡಗಿವೆ. ಪುಣೆಯ ಸ್ವಾರಗೇಟದಂತಹ ಜನನಿಬಿಡ ಪ್ರದೇಶವನ್ನು ಮುಂದಿಟ್ಟುಕೊಂಡು ಈ ಸೇವೆಯ ವಿವಿಧ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

ನಡಿಗೆ ಏಕೆ ಅಗತ್ಯ?

ನಾಯಿಯನ್ನು ಅಡ್ಡಾಡಿಸುವುದು ಒಡೆಯನ ಇಷ್ಟಾನಿಷ್ಟಕ್ಕೆ ಬಿಟ್ಟ ವಿಷಯವೆಂಬ ಭಾವನೆ ಸಾಮಾನ್ಯವಾಗಿದೆ. ಇದು ಸರಿಯಲ್ಲ. 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮದ 11ನೆಯ ಪ್ರಕರಣವು ಯಾವ ಯಾವ ಕೃತ್ಯಗಳು ಕ್ರೌರ್ಯವೆನಿಸುತ್ತವೆ ಎಂಬುದನ್ನು ಹೇಳುತ್ತದೆ. ಸದಾ ಸರಪಳಿಯಲ್ಲಿ ಕಟ್ಟಿಹಾಕಿದ ಅಥವಾ ಇಕ್ಕಟ್ಟಾದ ಜಾಗದಲ್ಲಿ ಕೂಡಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಒದಗಿಸಲು ಒಡೆಯನು ಉಪೇಕ್ಷೆ ತೋರುವುದು ಆ ಪಟ್ಟಿಯಲ್ಲಿ ಸೇರಿದೆ. ವ್ಯಾಯಾಮವನ್ನು ತಾನೇ ಮಾಡಿಸಬಹುದು, ಇಲ್ಲವೇ ಬೇರೆಯವರಿಂದ ಮಾಡಿಸಬಹುದು. ಎರಡನೆಯ ಮಾತಿಗೆ ಅವಕಾಶವಿರುವುದರಿಂದಲೇ ಈ ಸೇವೆಗೆ ಕಾನೂನಿನಲ್ಲಿ ನೆಲೆ ದೊರೆಯುತ್ತದೆ. ಸಂವಿಧಾನದ 51 ಎ(ಜಿ) ಅನುಚ್ಛೇದವು ಜೀವಿಗಳ ಬಗ್ಗೆ ಅನುಕಂಪವನ್ನು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಒಂದನ್ನಾಗಿ ಎಣಿಸಿದೆ.

ನಡಿಗೆಯಿಂದ ನಾಯಿಯ ದೇಹಕ್ಕೆ ಮಾತ್ರವಲ್ಲದೆ ಮನಸ್ಸಿಗೂ ಪ್ರಯೋಜನವುಂಟು. ನಾಯಿಯು ಲೋಕವನ್ನು ಮುಖ್ಯವಾಗಿ ಮೂಗಿನಿಂದ ಅರಿಯುತ್ತದೆ. ಕಂಬವನ್ನೋ ಗಿಡದ ಬುಡವನ್ನೋ ಮೂಸುತ್ತ ನಿಲ್ಲುವುದು ಕಾಲಹರಣವಲ್ಲ. ಅಲ್ಲಿ ಯಾರು ಬಂದು ಹೋದರೆಂಬ ಸುದ್ದಿಯನ್ನು ಅದು ತಿಳಿಯುತ್ತಿರುತ್ತದೆ. ಹೊರಗೆ ಹೋಗಲಾರದ ನಾಯಿಯು ಬೊಬ್ಬಿರಿಯುವುದು, ಬಾಗಿಲು ಕೆರೆಯುವುದು, ಪೀಠೋಪಕರಣ ಕಡಿಯುವುದು ಮುಂತಾದ ಚಟಗಳಿಗೆ ಒಳಗಾಗುತ್ತದೆ. ನೆರೆಮನೆಯವರ ದೂರುಗಳಲ್ಲಿ ಹಲವಕ್ಕೆ ಮೂಲವು ಇಲ್ಲಿಯೇ ಇರುತ್ತದೆ. ಬೇಸತ್ತ ಒಡೆಯರು ಕೊನೆಗೆ ನಾಯಿಯನ್ನು ಬೀದಿಗೆ ಬಿಟ್ಟುಬಿಡುವುದೂ ಉಂಟು. ಸಾಕುಪ್ರಾಣಿಯನ್ನು ಹೀಗೆ ತ್ಯಜಿಸುವುದೂ ಮೇಲೆ ಹೇಳಿದ ಪ್ರಕರಣದಡಿ ಅಪರಾಧವಾಗಿದೆ.

ಸ್ವಾರಗೇಟದ ಸನ್ನಿವೇಶ

ಸ್ವಾರಗೇಟ ಎಂಬ ಹೆಸರು ಕಿವಿಗೆ ಬಿದ್ದೊಡನೆ ಕನ್ನಡಿಗರಿಗೆ ಸ್ವರ್ಗದ ಬಾಗಿಲೂ, ಧರ್ಮರಾಯನೊಡನೆ ಅಲ್ಲಿಯವರೆಗೆ ನಡೆದುಹೋದ ನಾಯಿಯೂ ನೆನಪಿಗೆ ಬರಬಹುದು. ಆದರೆ ವಾಸ್ತವದಲ್ಲಿ ಇದು ಪುಣೆಯ ಅತ್ಯಂತ ಜನದಟ್ಟಣೆಯ ಕೂಡುದಾರಿಗಳಲ್ಲಿ ಒಂದು. ಸತಾರ ರಸ್ತೆ, ಶಂಕರಶೇಠ ರಸ್ತೆ, ಟಿಳಕ ರಸ್ತೆ, ಶಿವಾಜಿ ರಸ್ತೆಗಳು ಇಲ್ಲಿ ಬಂದು ಸೇರುತ್ತವೆ. ರಾಜ್ಯ ಸಾರಿಗೆಯ ಮತ್ತು ನಗರ ಸಾರಿಗೆಯ ಬಸ್ ನಿಲ್ದಾಣಗಳು ಅಕ್ಕಪಕ್ಕದಲ್ಲಿವೆ. 2024ರ ಸೆಪ್ಟೆಂಬರ್ 29ರಂದು ಜಿಲ್ಲಾ ನ್ಯಾಯಾಲಯದಿಂದ ಸ್ವಾರಗೇಟದವರೆಗಿನ ನೆಲದಡಿಯ ಮೆಟ್ರೊ ಮಾರ್ಗವು ಉದ್ಘಾಟನೆಗೊಂಡಿತು. ಬೆಳಗಾವಿ, ಹುಬ್ಬಳ್ಳಿಗಳ ಕಡೆಯಿಂದ ಬರುವ ಅನೇಕ ಕನ್ನಡಿಗರು ಪುಣೆಯಲ್ಲಿ ಮೊದಲು ಕಾಲಿಡುವುದು ಇಲ್ಲಿಯೇ.

ನಿಲ್ದಾಣದ ಗದ್ದಲದಿಂದ ಸ್ವಲ್ಪ ದೂರದಲ್ಲಿಯೇ ಮುಕುಂದನಗರ, ಪರ್ವತಿ, ಸಹಕಾರನಗರಗಳಂತಹ ವಸತಿ ಪ್ರದೇಶಗಳಿವೆ. ಸಾರಸಬಾಗ್ ಉದ್ಯಾನ ಮತ್ತು ಪರ್ವತಿ ಗುಡ್ಡಗಳು ಹತ್ತಿರದಲ್ಲಿವೆ. ಹೀಗೆ ಒಂದೆಡೆ ನಾಯಿಗಳಿರುವ ಮನೆಗಳು, ಇನ್ನೊಂದೆಡೆ ವಾಹನಗಳ ಮಹಾಪ್ರವಾಹ ಇವೆರಡೂ ಕೂಗಳತೆಯಲ್ಲಿವೆ. ನಾಲ್ಕು ನಾಯಿಗಳನ್ನು ಹಿಡಿದ ವ್ಯಕ್ತಿಯು ಇಲ್ಲಿ ಒಂದು ಕ್ಷಣ ಎಚ್ಚರ ತಪ್ಪಿದರೆ ನಾಯಿಯೂ ವಾಹನ ಸವಾರನೂ ಅಪಾಯಕ್ಕೆ ಸಿಲುಕುತ್ತಾರೆ. ಆದ್ದರಿಂದ ಇಂತಹ ಪ್ರದೇಶದಲ್ಲಿ ಸೇವೆ ಆರಂಭಿಸುವವರು ಮುಖ್ಯ ರಸ್ತೆಯನ್ನು ದಾಟಬೇಕಾಗದ ಮಾರ್ಗವನ್ನು ಮೊದಲು ಗುರುತಿಸಿಕೊಂಡು, ಆ ಮಾರ್ಗದ ಒಳಗಿನ ಮನೆಗಳ ನಾಯಿಗಳನ್ನು ಮಾತ್ರ ಒಪ್ಪಿಕೊಳ್ಳುವುದು ಲೇಸು. ಗಿರಾಕಿಗಳನ್ನು ಮೊದಲು ಕೂಡಿಸಿಕೊಂಡು ಆಮೇಲೆ ಮಾರ್ಗ ಹುಡುಕುವುದು ತಲೆಕೆಳಗಾದ ಕ್ರಮ. ಉದ್ಯಾನಗಳಲ್ಲಿ ನಾಯಿಗಳಿಗೆ ಪ್ರವೇಶವಿದೆಯೇ ಎಂಬುದನ್ನೂ ಮುಂಚಿತವಾಗಿ ವಿಚಾರಿಸಿಕೊಳ್ಳಬೇಕು.

ಗುಂಪಿನ ಗಾತ್ರ ಮತ್ತು ನಾಯಿಗಳ ಆಯ್ಕೆ

ಒಬ್ಬರು ಏಕಕಾಲಕ್ಕೆ ಎಷ್ಟು ನಾಯಿಗಳನ್ನು ಹಿಡಿಯಬಹುದು? ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ 2013ರಿಂದ ಜಾರಿಗೆ ಬಂದ ನಿಯಮದಂತೆ, ನಾಲ್ಕು ಅಥವಾ ಹೆಚ್ಚು ನಾಯಿಗಳನ್ನು ಹಣ ಪಡೆದು ನಡೆದಾಡಿಸುವವರು ಪರವಾನಗಿ ಪಡೆಯಬೇಕು. ಎಂಟಕ್ಕಿಂತ ಹೆಚ್ಚು ನಾಯಿಗಳನ್ನು ಒಯ್ಯುವಂತಿಲ್ಲ. ಆದರೆ ವಿಶಾಲವಾದ ಕಾಲುದಾರಿಗಳೂ, ನಾಯಿಗಳಿಗೆಂದೇ ಮೀಸಲಾದ ಬಯಲುಗಳೂ ಇರುವ ಊರಿನ ಲೆಕ್ಕವನ್ನು ನಮ್ಮ ರಸ್ತೆಗಳಿಗೆ ಅಳವಡಿಸಲಾಗದು. ಬೀದಿನಾಯಿಗಳು, ದ್ವಿಚಕ್ರ ವಾಹನಗಳು, ಒಡೆದ ಕಾಲುದಾರಿಗಳು ಇರುವಲ್ಲಿ ಅನುಭವಸ್ಥನಿಗೂ ನಾಲ್ಕು ನಾಯಿಗಳೇ ಗರಿಷ್ಠ. ಹೊಸಬರು ಎರಡರಿಂದ ಆರಂಭಿಸುವುದು ಸೂಕ್ತ.

ಸಂಖ್ಯೆಯಷ್ಟೇ ಮುಖ್ಯವಾದದ್ದು ತೂಕ. ತಲಾ 25 ಕಿಲೋಗ್ರಾಂ ತೂಗುವ ನಾಲ್ಕು ನಾಯಿಗಳು ಒಂದೇ ದಿಕ್ಕಿಗೆ ನುಗ್ಗಿದರೆ ಹಿಡಿದವರ ಕೈಯಲ್ಲಿ ನೂರು ಕಿಲೋಗ್ರಾಂ ತೂಕದ ಎಳೆತವಿರುತ್ತದೆ. ನಾಯಿಗಳ ಒಟ್ಟು ತೂಕವು ಹಿಡಿಯುವವರ ಶಕ್ತಿಯನ್ನು ಮೀರದಂತೆ ಗುಂಪನ್ನು ರಚಿಸಬೇಕು. ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳಬಾರದು. ನಾಯಿ ಎಳೆದಾಗ ಬಿದ್ದು ಮೂಳೆ ಮುರಿಯುವ ಸಂಭವವಿರುತ್ತದೆ. ತಾನಾಗಿ ಉದ್ದವಾಗುವ ಸುರುಳಿ ಹಗ್ಗಕ್ಕಿಂತ ಒಂದೂವರೆ ಮೀಟರಿನಷ್ಟು ಉದ್ದದ ಗಟ್ಟಿ ಹಗ್ಗ ಮೇಲು. ಕೊರಳಪಟ್ಟಿಯಿಂದ ತಲೆ ನುಣುಚಿಕೊಳ್ಳುವ ನಾಯಿಗಳಿಗೆ ಎದೆಪಟ್ಟಿಯನ್ನು ತೊಡಿಸಬೇಕು.

ಯಾವುದೇ ನಾಯಿಯನ್ನು ಮೊದಲ ದಿನವೇ ಗುಂಪಿಗೆ ಸೇರಿಸಬಾರದು. ಕೆಲವು ದಿನ ಒಂಟಿಯಾಗಿ, ಆಮೇಲೆ ಸೌಮ್ಯ ಸ್ವಭಾವದ ಇನ್ನೊಂದು ನಾಯಿಯೊಡನೆ ನಡೆಸಿ ಅದರ ಸ್ವಭಾವವನ್ನು ತಿಳಿಯಬೇಕು. ಬೆದೆಗೆ ಬಂದ ಹೆಣ್ಣುನಾಯಿಯನ್ನು ಸುಮಾರು ಮೂರು ವಾರಗಳ ಕಾಲ ಗುಂಪಿನಿಂದ ದೂರವಿಡಬೇಕು. ಲಸಿಕೆಗಳ ಸರಣಿ ಮುಗಿಯದ ಮರಿಗಳನ್ನು, ಕಾಯಿಲೆಯ ನಾಯಿಗಳನ್ನು, ಹಿಂದೆ ಕಚ್ಚಿದ ಇತಿಹಾಸವಿರುವ ನಾಯಿಗಳನ್ನು ಗುಂಪಿಗೆ ಒಪ್ಪಿಕೊಳ್ಳಬಾರದು.

ತಳಿಯ ಗುಣವನ್ನೂ ತಿಳಿದಿರಬೇಕು. ಬಾಗಲಕೋಟೆ ಜಿಲ್ಲೆಯ ಮುಧೋಳದ ಹೆಸರನ್ನು ಪಡೆದಿರುವ, ಮಹಾರಾಷ್ಟ್ರದಲ್ಲಿ ಕಾರವಾನಿ ಎಂದು ಕರೆಯಲ್ಪಡುವ ಬೇಟೆನಾಯಿಯು 2005ರಲ್ಲಿ ಅಂಚೆಚೀಟಿಯ ಮೇಲೆ ಮೂಡಿದ ನಮ್ಮ ಹೆಮ್ಮೆಯ ತಳಿ. ಅದು ವಾಸನೆಗಿಂತ ಕಣ್ಣನ್ನು ನೆಚ್ಚಿ ಬೇಟೆಯಾಡುವ ಜಾತಿಯದು. ಓಡುವ ಬೆಕ್ಕನ್ನೋ ಅಳಿಲನ್ನೋ ಕಂಡರೆ ಕ್ಷಣಾರ್ಧದಲ್ಲಿ ನೆಗೆಯುತ್ತದೆ. ಚಪ್ಪಟೆ ಮೂತಿಯ ಪಗ್, ಬುಲ್‌ಡಾಗ್ ನಾಯಿಗಳಾದರೋ ಅಲ್ಪ ಸೆಕೆಗೂ ಏದುಸಿರು ಬಿಡುತ್ತವೆ. ಈ ಇಬ್ಬಗೆಯ ನಾಯಿಗಳನ್ನು ಒಂದೇ ಗುಂಪಿನಲ್ಲಿ ಒಂದೇ ವೇಗದಲ್ಲಿ ನಡೆಸುವುದು ಎರಡಕ್ಕೂ ಅನ್ಯಾಯ.

ಇನ್ನೊಂದು ಸಣ್ಣ ವಿಷಯವೂ ಗಮನಾರ್ಹ. ನಾಯಿಯು ತನ್ನ ಮನೆಯ ಭಾಷೆಯ ಆಜ್ಞೆಗಳನ್ನು ಮಾತ್ರ ಬಲ್ಲದು. ಕನ್ನಡದ ಮನೆಯಲ್ಲಿ ‘ಕೂತ್ಕೋ’ ಎಂಬುದು ಮರಾಠಿ ಮನೆಯಲ್ಲಿ ‘ಬಸ್’ ಎಂದಾಗುತ್ತದೆ. ಪ್ರತಿ ನಾಯಿಗೂ ಒಂದು ಚೀಟಿಯನ್ನು ಮಾಡಿ, ಅದರ ಹೆಸರು, ವಯಸ್ಸು, ಅರಿತಿರುವ ಆಜ್ಞೆಗಳು, ಅಂಜಿಕೆಗಳು, ಒಡೆಯರ ಮತ್ತು ಪಶುವೈದ್ಯರ ದೂರವಾಣಿ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಬೇಕು.

ವೇಳೆ ಮತ್ತು ಋತುಮಾನ

ನಾಯಿಯ ಮೈಯಲ್ಲಿ ಪಾದಗಳ ಹೊರತು ಬೇರೆಡೆ ಬೆವರಿನಿಂದ ತಂಪಾಗುವ ವ್ಯವಸ್ಥೆ ಇಲ್ಲವೆನ್ನಬಹುದು. ನಾಲಿಗೆ ಹೊರಚಾಚಿ ತೇಕುವುದೇ ಅದಕ್ಕಿರುವ ಮುಖ್ಯ ಉಪಾಯ. ಪುಣೆಯ ಏಪ್ರಿಲ್, ಮೇ ತಿಂಗಳುಗಳ ಬಿಸಿಲಿನಲ್ಲಿ ಡಾಂಬರು ರಸ್ತೆಯು ಗಾಳಿಗಿಂತ ಬಹಳ ಹೆಚ್ಚು ಕಾಯುತ್ತದೆ. ಅಂಗೈಯ ಹಿಂಬದಿಯನ್ನು ಏಳು ಸೆಕೆಂಡುಗಳ ಕಾಲ ರಸ್ತೆಯ ಮೇಲೆ ಇಡಲಾಗದಿದ್ದರೆ ಅಲ್ಲಿ ನಾಯಿಯನ್ನು ನಡೆಸಬಾರದು. ಬೆಳಗಿನ ನಡಿಗೆಯನ್ನು ಬಿಸಿಲೇರುವ ಮೊದಲೇ ಮುಗಿಸಿ, ಸಂಜೆಯ ನಡಿಗೆಯನ್ನು ನೆಲ ಆರಿದ ಮೇಲೆ ಆರಂಭಿಸಬೇಕು. ನಾಯಿಯು ವಿಪರೀತ ತೇಕಿ, ಜೊಲ್ಲು ಸುರಿಸಿ, ತಡವರಿಸಿದರೆ ನೆರಳಿಗೆ ಒಯ್ದು, ಮೈಗೆ ತಣ್ಣೀರು ಹಾಕಿ, ಗಾಳಿ ಬೀಸಿ, ತಡಮಾಡದೆ ಪಶುವೈದ್ಯರ ಬಳಿಗೆ ಕರೆದೊಯ್ಯಬೇಕು.

ಮಳೆಗಾಲದಲ್ಲಿ ನಿಂತ ನೀರನ್ನು ಕುಡಿಯಗೊಡಬಾರದು. ಇಲಿಯ ಮೂತ್ರ ಬೆರೆತ ನೀರಿನಿಂದ ಹರಡುವ ಲೆಪ್ಟೊಸ್ಪೈರೋಸಿಸ್ ಎಂಬ ರೋಗವು ನಾಯಿಗೂ ಮನುಷ್ಯನಿಗೂ ತಗಲುತ್ತದೆ. ಪ್ರತಿ ನಡಿಗೆಯ ನಂತರ ಕಿವಿಯ ಒಳಬದಿ, ಬೆರಳುಗಳ ಸಂದುಗಳಲ್ಲಿ ಉಣ್ಣೆಗಳಿವೆಯೇ ಎಂದು ನೋಡಬೇಕು. ಗಣೇಶೋತ್ಸವದ ಡೋಲು ತಾಸೆಗಳ ಮತ್ತು ದೀಪಾವಳಿಯ ಪಟಾಕಿಗಳ ವೇಳೆಯಲ್ಲಿ ಬೆದರಿದ ನಾಯಿಯು ಹಗ್ಗ ಕಿತ್ತುಕೊಂಡು ಓಡಿಬಿಡುತ್ತದೆ. ಆ ದಿನಗಳಲ್ಲಿ ಸಾಮೂಹಿಕ ನಡಿಗೆಯನ್ನು ನಿಲ್ಲಿಸಿ, ಒಂದೊಂದೇ ನಾಯಿಯನ್ನು ಸದ್ದಿಲ್ಲದ ಹೊತ್ತಿನಲ್ಲಿ ಹೊರಗೆ ಕರೆದೊಯ್ಯುವುದು ಉಚಿತ.

ಬೀದಿನಾಯಿಗಳೊಡನೆ ನಡವಳಿಕೆ

2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 1.53 ಕೋಟಿ ಬೀದಿನಾಯಿಗಳಿದ್ದವು. ಪ್ರತಿ ಓಣಿಯೂ ಒಂದಲ್ಲ ಒಂದು ಗುಂಪಿನ ವಶದಲ್ಲಿರುತ್ತದೆ. ಸಾಕುನಾಯಿಗಳ ಗುಂಪು ಅಲ್ಲಿ ಕಾಲಿಟ್ಟಾಗ ಅವು ತಮ್ಮ ಗಡಿಯನ್ನು ಕಾಯಲು ಮುಂದಾಗುವುದು ಸಹಜ. ಕಲ್ಲು ಎಸೆಯುವುದು, ಓಡುವುದು, ಕೋಲು ಬೀಸುವುದು ಇವು ಜಗಳವನ್ನು ಹೆಚ್ಚಿಸುತ್ತವೆ. ಸಾಕುನಾಯಿಗಳನ್ನು ತಮ್ಮ ಮತ್ತು ಗೋಡೆಯ ನಡುವೆ ಇರಿಸಿಕೊಂಡು, ನಿಧಾನವಾಗಿ ಬಂದ ದಾರಿಗೇ ಹಿಂದಿರುಗುವುದು ಕ್ಷೇಮ. ಕಚ್ಚಾಡುವ ನಾಯಿಗಳ ನಡುವೆ ಎಂದಿಗೂ ಕೈ ಹಾಕಬಾರದು; ನೀರು ಎರಚಿ ಅಥವಾ ದೊಡ್ಡ ಸದ್ದು ಮಾಡಿ ಅವನ್ನು ಬೇರ್ಪಡಿಸಬೇಕು.

2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆ ನೀಡುವ ಹೊಣೆಯನ್ನು ಸ್ಥಳೀಯ ಸಂಸ್ಥೆಗಳಿಗೆ ವಹಿಸಿವೆ. 2025ರ ಆಗಸ್ಟ್ 22ರ ಆದೇಶದಲ್ಲಿ ಸರ್ವೋಚ್ಚ ನ್ಯಾಯಾಲಯವು, ಬೀದಿಗಳಲ್ಲಿ ಕಂಡಕಂಡಲ್ಲಿ ನಾಯಿಗಳಿಗೆ ಆಹಾರ ಹಾಕದೆ ಗೊತ್ತುಪಡಿಸಿದ ಸ್ಥಳಗಳಲ್ಲಿ ಮಾತ್ರ ಹಾಕಬೇಕೆಂದು ಹೇಳಿತು. ಅದೇ ವರ್ಷದ ನವೆಂಬರ್ 7ರ ಆದೇಶವು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣಗಳಿಂದ ಬೀದಿನಾಯಿಗಳನ್ನು ತೆರವುಗೊಳಿಸುವುದಕ್ಕೆ ಸಂಬಂಧಿಸಿದ್ದಾಗಿತ್ತು. ಸಾಕುನಾಯಿಗಳನ್ನು ನಡೆಸುವವರು ಬೀದಿನಾಯಿಗಳ ಬಾಯಿ ಕಟ್ಟಲೆಂದು ದಾರಿಯುದ್ದಕ್ಕೂ ಬಿಸ್ಕತ್ತು ಎಸೆಯುತ್ತ ಹೋಗುವುದನ್ನು ನಿಲ್ಲಿಸಬೇಕು. ಇದರಿಂದ ಮರುದಿನ ಇನ್ನಷ್ಟು ನಾಯಿಗಳು ಕಾದು ನಿಲ್ಲುತ್ತವೆ.

ರೇಬೀಸ್: ಮರೆಯಬಾರದ ಎಚ್ಚರಿಕೆ

ಈ ಸೇವೆಯಲ್ಲಿ ಎದುರಾಗಬಹುದಾದ ಅಪಾಯಗಳಲ್ಲಿ ರೇಬೀಸ್ ಅತ್ಯಂತ ಭೀಕರವಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನ ರೇಬೀಸ್ ಸಾವುಗಳಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಭಾರತದಲ್ಲಿ ಸಂಭವಿಸುತ್ತವೆ. ರೋಗಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಬಹುತೇಕ ಅಸಾಧ್ಯ. ಆದರೆ ಸಕಾಲದಲ್ಲಿ ಚಿಕಿತ್ಸೆ ಪಡೆದರೆ ರೋಗವನ್ನು ಸಂಪೂರ್ಣವಾಗಿ ತಡೆಯಬಹುದು. ನಾಯಿಗಳಿಂದ ಹರಡುವ ರೇಬೀಸನ್ನು 2030ರ ವೇಳೆಗೆ ತೊಡೆದುಹಾಕುವ ಗುರಿಯುಳ್ಳ ರಾಷ್ಟ್ರೀಯ ಕ್ರಿಯಾಯೋಜನೆಯನ್ನು 2021ರಲ್ಲಿ ಆರಂಭಿಸಲಾಯಿತು.

ನಾಯಿ ಕಚ್ಚಿದರೆ ಅಥವಾ ಪರಚಿದರೆ ತಕ್ಷಣವೇ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ ಹದಿನೈದು ನಿಮಿಷಗಳ ಕಾಲ ತೊಳೆಯಬೇಕು. ಅರಿಸಿನ, ಖಾರದಪುಡಿ, ಸುಣ್ಣ, ಎಣ್ಣೆ ಮುಂತಾದವನ್ನು ಹಚ್ಚಬಾರದು. ಬಳಿಕ ವಿಳಂಬವಿಲ್ಲದೆ ಆಸ್ಪತ್ರೆಗೆ ಹೋಗಬೇಕು. ಚರ್ಮ ಹರಿದು ರಕ್ತ ಬಂದಿದ್ದರೆ ಲಸಿಕೆಯ ಜೊತೆಗೆ ಗಾಯಕ್ಕೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದೂ ಅಗತ್ಯ. ಲಸಿಕೆಯ ಎಲ್ಲ ಸರದಿಗಳನ್ನೂ ವೈದ್ಯರು ಹೇಳಿದ ದಿನಗಳಂದೇ ಪೂರೈಸಬೇಕು. ಕಚ್ಚಿದ ನಾಯಿಯನ್ನು ಹತ್ತು ದಿನ ಗಮನಿಸುವ ಪದ್ಧತಿ ಇದೆ. ಆದರೆ ಆ ಹತ್ತು ದಿನ ಕಳೆಯಲೆಂದು ಚಿಕಿತ್ಸೆಯನ್ನು ಮುಂದೂಡಬಾರದು. ‘ಸಾಕಿದ ನಾಯಿ ತಾನೆ’ ಎಂಬ ಉದಾಸೀನದಿಂದ ಜೀವ ಕಳೆದುಕೊಳ್ಳುವ ಸಂಭವವಿದೆ.

ದಿನವೂ ನಾಯಿಗಳೊಡನೆ ಕೆಲಸ ಮಾಡುವವರು ಕಚ್ಚುವ ಮುನ್ನವೇ ತಮಗೆ ಪ್ರತಿಬಂಧಕ ಲಸಿಕೆ ಹಾಕಿಸಿಕೊಳ್ಳುವ ಬಗ್ಗೆ ವೈದ್ಯರ ಸಲಹೆ ಪಡೆಯಬೇಕು. ನಾಯಿಗಳಿಗೆ ಮೂರು ತಿಂಗಳ ವಯಸ್ಸಿನಲ್ಲಿ ರೇಬೀಸ್ ಲಸಿಕೆ ಹಾಕಿಸಿ, ಮುಂದೆ ಪಶುವೈದ್ಯರ ಸಲಹೆಯಂತೆ ಪುನರಾವರ್ತಿಸಬೇಕು. ಡಿಸ್ಟೆಂಪರ್, ಪಾರ್ವೊ ರೋಗಗಳು ನಾಯಿಯಿಂದ ನಾಯಿಗೆ ಹರಡುವುದರಿಂದ, ಲಸಿಕೆಯಾಗದ ಒಂದು ನಾಯಿಯಿಂದ ಇಡೀ ಗುಂಪಿಗೆ ಅಪಾಯ. ಲಸಿಕೆಯ ಪುಸ್ತಕವನ್ನು ಕಣ್ಣಾರೆ ನೋಡದೆ ಯಾವ ನಾಯಿಯನ್ನೂ ಸೇರಿಸಿಕೊಳ್ಳಬಾರದು.

ಕಾನೂನು ಮತ್ತು ನೆರೆಹೊರೆ

ಪುಣೆ ಮಹಾನಗರಪಾಲಿಕೆಯ ವ್ಯಾಪ್ತಿಯಲ್ಲಿ ಸಾಕುನಾಯಿಗೆ ಪರವಾನಗಿ ಪಡೆಯುವುದು ಒಡೆಯರ ಹೊಣೆ. ಪರವಾನಗಿಯ ಪ್ರತಿಯೊಂದು ನಡೆಸುವವರ ಬಳಿಯಲ್ಲಿರಲಿ. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಪ್ರಕರಣದ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯನ ಜೀವಕ್ಕೆ ಅಪಾಯ ಅಥವಾ ತೀವ್ರ ಗಾಯವಾಗದಂತೆ ತಕ್ಕ ಎಚ್ಚರಿಕೆ ವಹಿಸದವರಿಗೆ ಆರು ತಿಂಗಳವರೆಗೆ ಸೆರೆವಾಸ, ಐದು ಸಾವಿರ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು. ಇಲ್ಲಿ ‘ವಶದಲ್ಲಿರುವ’ ಎಂಬ ಮಾತು ಮುಖ್ಯ. ನಡಿಗೆಯ ವೇಳೆಯಲ್ಲಿ ನಾಯಿ ಇರುವುದು ನಡೆಸುವವರ ವಶದಲ್ಲಿ. ಒಡೆಯರು ಬೇರೆ ಯಾರೋ ಆಗಿದ್ದರೆಂಬ ಕಾರಣಕ್ಕೆ ಅವರ ಹೊಣೆ ತಪ್ಪುವುದಿಲ್ಲ.

ಮಲವನ್ನು ಬೀದಿಯಲ್ಲಿಯೇ ಬಿಟ್ಟುಹೋಗುವುದು ನೆರೆಹೊರೆಯವರ ಅಸಮಾಧಾನಕ್ಕೆ ಪ್ರಮುಖ ಕಾರಣ. ಇದು ಅಂದಗೇಡಿನ ಪ್ರಶ್ನೆಯಷ್ಟೇ ಅಲ್ಲ. ಕೊಕ್ಕೆಹುಳು, ದುಂಡುಹುಳುಗಳ ಮೊಟ್ಟೆಗಳು ಮಲದ ಮೂಲಕ ಮಣ್ಣಿಗೆ ಸೇರಿ ಆಟವಾಡುವ ಮಕ್ಕಳಿಗೆ ತಗಲುತ್ತವೆ. ಹಳೆಯ ಪತ್ರಿಕೆ ಅಥವಾ ಕಾಗದದ ಚೀಲ ಮತ್ತು ಒಂದು ಸಣ್ಣ ಸಲಿಕೆ ಸದಾ ಜೊತೆಗಿರಬೇಕು. ಎಲ್ಲರಿಗೂ ನಾಯಿಗಳೆಂದರೆ ಪ್ರೀತಿ ಇರಬೇಕೆಂದಿಲ್ಲ. ಹೆದರುವ ಮಗು, ಕೋಲೂರಿ ನಡೆಯುವ ವೃದ್ಧರು, ತಲೆಯ ಮೇಲೆ ಹೊರೆ ಹೊತ್ತ ಪ್ರಯಾಣಿಕ ಎದುರಾದಾಗ ನಾಯಿಗಳನ್ನು ಬದಿಗೆ ಸರಿಸಿ ನಿಂತು ದಾರಿ ಬಿಡಬೇಕು. ‘ಏನೂ ಮಾಡುವುದಿಲ್ಲ’ ಎಂದು ದೂರದಿಂದ ಕೂಗುವುದು ಭರವಸೆಯೆನಿಸದು.

ಆದಾಯ, ನೋಂದಣಿ ಮತ್ತು ನೆರವು

ನಲವತ್ತೈದು ನಿಮಿಷಗಳ ನಡಿಗೆಗೆ ನಲವತ್ತೈದು ನಿಮಿಷಗಳೇ ಸಾಲುತ್ತವೆ ಎಂಬ ಎಣಿಕೆ ಸರಿಯಲ್ಲ. ನಾಲ್ಕು ಮನೆಗಳಿಂದ ನಾಯಿಗಳನ್ನು ಕರೆತರಲು ಇಪ್ಪತ್ತು ನಿಮಿಷ, ಮರಳಿ ಬಿಡಲು ಇಪ್ಪತ್ತು ನಿಮಿಷ ಸೇರಿದರೆ ಒಂದು ಗುಂಪಿಗೆ 85 ನಿಮಿಷಗಳು ಬೇಕು. ಬೆಳಿಗ್ಗೆ ಐದೂವರೆಗೆ ಆರಂಭಿಸಿದರೆ ಎರಡು ಗುಂಪುಗಳು ಮುಗಿಯುವಾಗ ಎಂಟು ಗಂಟೆ ಇಪ್ಪತ್ತು ನಿಮಿಷವಾಗುತ್ತದೆ. ಬೇಸಿಗೆಯಲ್ಲಿ ಮೂರನೆಯ ಗುಂಪಿಗೆ ಆಸ್ಪದವಿಲ್ಲ. ಹೀಗಾಗಿ ಒಬ್ಬರು ನೋಡಿಕೊಳ್ಳಬಹುದಾದದ್ದು ಎಂಟು ನಾಯಿಗಳನ್ನು ಮಾತ್ರ. ಲೆಕ್ಕಕ್ಕೆಂದು ಬೆಳಿಗ್ಗೆ ಸಂಜೆಗಳ ನಡಿಗೆಗೆ ನಾಯಿಯೊಂದಕ್ಕೆ ತಿಂಗಳಿಗೆ 2,000 ರೂಪಾಯಿ ಎಂದಿಟ್ಟುಕೊಂಡರೆ ಒಟ್ಟು ವರಮಾನ 16,000 ರೂಪಾಯಿ. ಹಗ್ಗ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ವಿಮೆ, ಕಾಯಿಲೆ ಬಿದ್ದ ದಿನ ನೇಮಿಸುವ ಬದಲಿ ವ್ಯಕ್ತಿ ಇವುಗಳ ವೆಚ್ಚವನ್ನು ಇದರಲ್ಲಿಯೇ ಕಳೆಯಬೇಕು. ವರಮಾನ ಸಾಲದೆಂದು ಗುಂಪಿಗೆ ಆರೇಳು ನಾಯಿಗಳನ್ನು ತುಂಬುವುದರಿಂದಲೇ ಅಪಘಾತಗಳು ಸಂಭವಿಸುತ್ತವೆ. ನಾಯಿಗಳ ಸಂಖ್ಯೆ ಹೆಚ್ಚಿಸುವ ಬದಲು ಇನ್ನೊಬ್ಬ ನಂಬಿಕಸ್ಥರನ್ನು ಜೊತೆಗೂಡಿಸಿಕೊಳ್ಳುವುದು ಸರಿಯಾದ ದಾರಿ.

ಇಂತಹ ಕಿರು ಸೇವಾ ಘಟಕವನ್ನು 2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿಯಲ್ಲಿ ಶುಲ್ಕವಿಲ್ಲದೆ ದಾಖಲಿಸಿಕೊಳ್ಳಬಹುದು. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ 50,000 ರೂಪಾಯಿಗಳವರೆಗಿನ ಸಾಲಕ್ಕೆ ಬ್ಯಾಂಕಿನಲ್ಲಿ ಅರ್ಜಿ ಸಲ್ಲಿಸಲು ಅವಕಾಶವಿದೆ. ವರ್ಷಕ್ಕೆ 20 ರೂಪಾಯಿ ಕಂತಿನ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯು 18ರಿಂದ 70 ವರ್ಷದವರಿಗೆ ಅಪಘಾತದಿಂದ ಸಾವು ಸಂಭವಿಸಿದರೆ ಎರಡು ಲಕ್ಷ ರೂಪಾಯಿಗಳ ರಕ್ಷಣೆ ನೀಡುತ್ತದೆ. ಮನೆಯ ಬೀಗದ ಕೈಯನ್ನೇ ವಹಿಸಿಕೊಡುವ ಸೇವೆ ಇದಾದ್ದರಿಂದ ಪೊಲೀಸರ ಮೂಲಕ ನಡತೆಯ ಪರಿಶೀಲನೆ ಮಾಡಿಸಿಕೊಂಡಿರುವುದು ಇಬ್ಬರಿಗೂ ಹಿತ. ವೇಳೆ, ಶುಲ್ಕ, ರಜೆ, ನಾಯಿ ಗಾಯಗೊಂಡರೆ ಅಥವಾ ಯಾರನ್ನಾದರೂ ಕಚ್ಚಿದರೆ ವೆಚ್ಚ ಭರಿಸುವವರು ಯಾರು ಎಂಬುದನ್ನು ಒಂದು ಪುಟದ ಕರಾರಿನಲ್ಲಿ ಬರೆದು ಇಬ್ಬರೂ ಸಹಿ ಹಾಕಬೇಕು.

ಒಡೆಯರ ಪಾಲಿನ ಹೊಣೆಯೂ ಕಡಿಮೆಯಾದದ್ದಲ್ಲ. ನಾಯಿಯ ಕಚ್ಚುವ ಚಾಳಿಯನ್ನು ಮುಚ್ಚಿಟ್ಟು ಸೇವೆಗೆ ಒಪ್ಪಿಸುವುದು ಮತ್ತೊಬ್ಬರ ಜೀವದೊಡನೆ ಆಡುವ ಆಟ. ನಡೆಸುವವರಿಗೆ ಹಣ ಕೊಟ್ಟ ಮಾತ್ರಕ್ಕೆ ಕರ್ತವ್ಯ ಮುಗಿಯುವುದಿಲ್ಲ. ವಾರದಲ್ಲಿ ಒಂದು ದಿನವಾದರೂ ಮನೆಯವರು ತಾವೇ ನಾಯಿಯೊಡನೆ ನಡೆದರೆ ಅದರ ನಡಿಗೆ, ಉಸಿರಾಟ, ಉತ್ಸಾಹಗಳಲ್ಲಿನ ಬದಲಾವಣೆಯನ್ನು ಗುರುತಿಸಬಹುದು. ಸೇವೆ ಸರಿಯಾಗಿ ನಡೆಯುತ್ತಿದೆಯೇ ಎಂಬುದೂ ನಾಯಿಯ ವರ್ತನೆಯಿಂದ ತಿಳಿಯುತ್ತದೆ. ನಡೆಸುವವರು ಬಾಗಿಲಿಗೆ ಬಂದಾಗ ಬಾಲವಾಡಿಸುತ್ತ ಎದ್ದು ಬರುವ ನಾಯಿಗೂ, ಮೂಲೆಗೆ ಸರಿದು ಕುಳಿತುಬಿಡುವ ನಾಯಿಗೂ ಇರುವ ವ್ಯತ್ಯಾಸವನ್ನು ಮನೆಯವರು ಗಮನಿಸಿ, ಅಗತ್ಯವಿದ್ದಲ್ಲಿ ಕಾರಣವನ್ನು ವಿಚಾರಿಸಬೇಕು.